ಬಹಿಷ್ಕಾರ ಯಾರ ಆಯುಧ?

ಮುದಗಲ್ಲಿನಲ್ಲಿ ಲಿಂಗಸುಗೂರಿನ ಬಸ್ಸು ಬಂದು ನಿಂತಿತೆಂದರೆ ಜಾತಿ ಕೇಳಲು ಯಾರಿಗೂ ಪುರುಸೊತ್ತಿಲ್ಲ. ಕಿಟಕಿಯೊಳಗೆ ಟವೆಲ್ ಎಸೆದವನದೇ ಸೀಟು. ಇದನ್ನು ತೋರಿಸಿ, ‘ಅಮೆರಿಕದಲ್ಲಿ ಕರಿಯರಿಗೆ ಹಿಂದಿನ ಸೀಟು ಅಂತಿತ್ತಂತೆ, ನಮ್ಮಲ್ಲಿ ಅಂಥದ್ದೆಲ್ಲಿದೆ ಸ್ವಾಮಿ?’ ಎಂದು ಎದೆಯುಬ್ಬಿಸುವವರು ಚಹಾದಂಗಡಿಗೊಬ್ಬರು ಸಿಗುತ್ತಾರೆ. ಅವರೊಂದಿಗೆ ನನ್ನದೊಂದು ತಕರಾರಿದೆ.

ಅಲಬಾಮಾದ ಮಾಂಟ್ಗೊಮರಿಯಲ್ಲಿ 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಣ್ಣುಮಗಳು ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ. ಪೊಲೀಸರು ಹಿಡಿದೊಯ್ದರು. ನಾಲ್ಕೇ ದಿನಕ್ಕೆ ಊರಿನ ಕಪ್ಪುಜನ ಬಸ್ಸು ಹತ್ತುವುದನ್ನೇ ಬಿಟ್ಟರು. 381 ದಿನ ನಡೆದರು, ಇದ್ದಬದ್ದ ಕಾರುಗಳನ್ನು ಹಂಚಿಕೊಂಡರು. ಪ್ರಯಾಣಿಕರಲ್ಲಿ ಹೆಚ್ಚಿನ ಪಾಲು ಅವರೇ ಆದ್ದರಿಂದ ಕಂಪನಿಯ ಗಲ್ಲಾಪೆಟ್ಟಿಗೆ ಒಣಗಿತು. 1956ರಲ್ಲಿ ಸುಪ್ರೀಂ ಕೋರ್ಟು ಅವರ ಪರ ನಿಂತಿತು. ಅಲ್ಲಿ ಬಹಿಷ್ಕಾರ ದುರ್ಬಲರ ಆಯುಧವಾಯಿತು.

ನಮ್ಮಲ್ಲಿ ಅದೇ ಆಯುಧ ಬಲಿಷ್ಠರ ಕೈಯಲ್ಲಿದೆ. 1929ರಲ್ಲಿ ಅಸ್ಪೃಶ್ಯರ ದೂರುಗಳನ್ನು ವಿಚಾರಿಸಲು ಮುಂಬಯಿ ಸರಕಾರ ನೇಮಿಸಿದ ಸಮಿತಿಯಲ್ಲಿ ಅಂಬೇಡ್ಕರ್ ಇದ್ದರು. ಹಳ್ಳಿಯೊಂದರಲ್ಲಿ ಸವರ್ಣೀಯರು ಹಾಕಿದ್ದ ಬಹಿಷ್ಕಾರವನ್ನು ನೋಡಲೆಂದೇ ಚಾಳೀಸಗಾಂವದಲ್ಲಿ ಇಳಿದರು. ಅಲ್ಲಿ ಅವರನ್ನು ಕೂರಿಸಿಕೊಂಡು ಟಾಂಗಾ ಹೊಡೆಯಲು ಒಬ್ಬನೂ ಒಪ್ಪಲಿಲ್ಲ. ಟಾಂಗಾ ಬಾಡಿಗೆಗೆ ಸಿಕ್ಕಿತು, ಹೊಡೆಯುವವನು ಸಿಗಲಿಲ್ಲ. ರೂಢಿಯಿಲ್ಲದ ದಲಿತನೊಬ್ಬ ಲಗಾಮು ಹಿಡಿದ; ಸೇತುವೆಯ ಮೇಲೆ ಗಾಲಿ ಕಲ್ಲಿಗೆ ಬಡಿದು ಬ್ಯಾರಿಸ್ಟರ್ ಸಾಹೇಬರು ಕೆಳಗುರುಳಿ ಕಾಲು ಮುರಿದುಕೊಂಡರು.

ಬಸ್ಸಿನ ಸಮಾನತೆ ನಮ್ಮ ಔದಾರ್ಯದ್ದಲ್ಲ. ಸಾರ್ವಜನಿಕ ವಾಹನ ಹತ್ತದಂತೆ ತಡೆಯುವುದು ಅಪರಾಧವೆಂದು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 1955ರಲ್ಲಿ ಹೇಳಬೇಕಾಯಿತು. ಮನಸ್ಸು ಎಲ್ಲಿತ್ತೆಂಬುದು 1997ರಲ್ಲಿ ತಮಿಳುನಾಡಿನಲ್ಲಿ ಬಯಲಾಯಿತು. ಸರಕಾರಿ ಸಾರಿಗೆ ಸಂಸ್ಥೆಯೊಂದಕ್ಕೆ ದಲಿತ ವೀರ ಸುಂದರಲಿಂಗಂ ಹೆಸರಿಟ್ಟಾಗ ಆ ಹೆಸರಿನ ಬಸ್ಸು ಹತ್ತಲೊಲ್ಲೆವೆಂದು ಮೇಲ್ಜಾತಿಗಳು ಗಲಭೆಗೆದ್ದವು. ಕೊನೆಗೆ ಸರಕಾರ ಎಲ್ಲ ಸಾರಿಗೆ ಸಂಸ್ಥೆಗಳಿಂದಲೂ ನಾಯಕರ ಹೆಸರು ಅಳಿಸಿತು. ಸೀಟಿನ ಜಗಳವಲ್ಲ, ಬರೀ ಹೆಸರಿನ ಜಗಳ!

ಬಸ್ಸಿನಲ್ಲಿ ಭುಜಕ್ಕೆ ಭುಜ ತಾಗಿಸಿ ಬಂದವರೇ ಊರ ಅಗಸೆ ದಾಟಿದೊಡನೆ ಬೇರೆ ಮನುಷ್ಯರಾಗುತ್ತಾರೆ. ಕೇರಿಯವರು ಗುಡಿಯ ಮೆಟ್ಟಿಲು ಹತ್ತಿದರೆ, ಹೋಟೆಲಿನಲ್ಲಿ ಸಮನಾಗಿ ಕೂತರೆ, ಹಿಟ್ಟಿನ ಗಿರಣಿ ಬಂದ್, ಕಿರಾಣಿ ಬಂದ್, ಕೂಲಿ ಬಂದ್. ಸಾಮಾಜಿಕ, ಆರ್ಥಿಕ ಬಹಿಷ್ಕಾರ ಅಪರಾಧವೆಂದು ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದದ್ದು ಸುಮ್ಮನೆ ಅಲ್ಲ. ದಲಿತರು ಸೈಕಲ್, ಮೋಟಾರ್ ಸೈಕಲ್ ಹತ್ತುವುದನ್ನು ತಡೆಯುವುದೂ ಅಪರಾಧವೆಂದು ಅದೇ ತಿದ್ದುಪಡಿ ಬರೆದಿಟ್ಟಿದೆ. 2015ರಲ್ಲಿ, ಸೈಕಲ್ಲಿಗೆ!

‘ಅವರೂ ಮಾಂಟ್ಗೊಮರಿಯವರಂತೆ ಹೋರಾಡಲಿ’ ಎನ್ನುವವರಿಗೆ ಒಂದು ಪ್ರಶ್ನೆ: ದುಡಿಯುವ ಹೊಲ, ಜೋಳ ಬೀಸುವ ಗಿರಣಿ, ಉದ್ದರಿ ಕೊಡುವ ಅಂಗಡಿ ಎಲ್ಲವೂ ಎದುರಾಳಿಯದೇ ಆದಾಗ ಕೂಲಿಯವನು ಯಾವುದನ್ನು ಬಹಿಷ್ಕರಿಸಬೇಕು? ಬಹಿಷ್ಕರಿಸುವ ತಾಕತ್ತಿರುವುದು ಕೊಳ್ಳುವ ಶಕ್ತಿಯಿರುವ ನಮಗೆ. ಮೊಹರಂನಲ್ಲಿ ಹಿಂದೂ ಮುಸ್ಲಿಮರು ಕೂಡಿ ಅಲಾಯಿ ಕುಣಿಯುವ ಊರು ನಮ್ಮದೆಂದು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನಿಜವಾದರೆ, ಕೇರಿಗೆ ಬಾಗಿಲು ಹಾಕಿದ ಗಿರಣಿಗೆ ನಾವೂ ಕಾಳು ಒಯ್ಯಬಾರದು; ಬೇರೆ ಲೋಟ ಇಟ್ಟ ಹೋಟೆಲಿನಲ್ಲಿ ನಾವೂ ಚಹಾ ಕುಡಿಯಬಾರದು. ಎರಡು ಮೈಲಿ ಹೆಚ್ಚು ನಡೆಯಬೇಕಾದೀತು. ಅಲ್ಲಿಯವರು ವರ್ಷಕ್ಕೂ ಮೀರಿ ನಡೆದಿದ್ದಾರೆ.