ಪರವೂರಿನ ಬದನೆಕಾಯಿ

ಕಳೆದ ರಜೆಯಲ್ಲಿ ನಾವು ಮೂವರು ಅಧ್ಯಾಪಕರು ಸಂಸಾರಸಮೇತರಾಗಿ ಕೊಟ್ಟೂರಿನಿಂದ ಹೊರಟು ಪುದುಚೇರಿಗೆ ಹೋಗಿದ್ದೆವು. ಸಮುದ್ರದ ಪಕ್ಕದ ಹಳೆಯ ಫ್ರೆಂಚ್ ಪೇಟೆಯನ್ನು ನೋಡದೆ ಬಂದರೆ ಆ ಊರಿಗೆ ಹೋದದ್ದೇ ವ್ಯರ್ಥವೆನ್ನುತ್ತಾರೆ. ಆ ಮಾತು ಸುಳ್ಳೇನಲ್ಲ. ಅರಿಸಿನ ಬಣ್ಣದ ಗೋಡೆ, ಅದರ ಮೇಲೆ ಹಬ್ಬಿದ ಕಾಗದದ ಹೂವಿನ ಬಳ್ಳಿ, ಫ್ರೆಂಚಿನಲ್ಲಿ ಬರೆದ ಬೀದಿಯ ಹೆಸರು, ಎಲ್ಲವೂ ಚಿತ್ರದಲ್ಲಿ ಬರೆದಂತಿದೆ. ಫ್ರೆಂಚರು 1954ರಲ್ಲಿ ಆಡಳಿತವನ್ನು ಬಿಟ್ಟುಕೊಟ್ಟರೂ ಬಣ್ಣವನ್ನು ಒಯ್ಯಲಿಲ್ಲ. ಅಂಥದೊಂದು ಬೀದಿಯಲ್ಲಿ, 'ಬಿಸ್ಟ್ರೋ' ಎಂದು ಹೆಸರಿಟ್ಟುಕೊಂಡ ಹೊಟೆಲಿನಲ್ಲಿ ನಾವು ಊಟಕ್ಕೆ ಕುಳಿತೆವು.

ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ದಿನದ ಪದಾರ್ಥಗಳನ್ನು ಬರೆದಿದ್ದರು. ಶಾಕಾಹಾರಿಗಳಾದ ನಮಗೆ ಅದರಲ್ಲಿ ಒದಗಿದ್ದು 'ರಟಟೂಯಿ'. ಹೆಸರು ಕೇಳಿಯೇ ಮಕ್ಕಳು ಹಿಗ್ಗಿದರು. ಬಿಳಿಯ ತಟ್ಟೆಯಲ್ಲಿ ಅದು ಬಂದಾಗ ನನ್ನ ಹೆಂಡತಿ ಚಮಚದಿಂದ ಕೆದಕಿ ನೋಡಿ, "ಇದು ಬದನೆಕಾಯಿ ಅಲ್ಲೇನ್ರೀ?" ಎಂದಳು. ಹೌದು, ಬದನೆಕಾಯಿಯೇ. ಟೊಮ್ಯಾಟೊ, ದಪ್ಪ ಮೆಣಸಿನಕಾಯಿಗಳ ಜೊತೆಯಲ್ಲಿ ಎಣ್ಣೆಯಲ್ಲಿ ಬೇಯಿಸಿದ ಬದನೆಕಾಯಿ. ರುಚಿ ಚೆನ್ನಾಗಿತ್ತು, ಇಲ್ಲವೆಂದರೆ ಅನ್ಯಾಯವಾದೀತು. ಒಂದು ತಟ್ಟೆಗೆ 480 ರೂಪಾಯಿ. ನಾವು ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಬಿಲ್ಲಿನ ಜೊತೆಗೆ ಭಕ್ಷೀಸನ್ನೂ ಇಟ್ಟು, ಹೊರಗೆ ಬಂದು, ಗೋಡೆಗೆ ಒರಗಿ ಫೋಟೋ ತೆಗೆಸಿಕೊಂಡೆವು.

ಇಷ್ಟರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂದಿನ ವಾರವೇ ನಮ್ಮೂರ ಖಾನಾವಳಿಯಲ್ಲಿ ನಡೆದದ್ದು ಅಲ್ಲಿ ನೆನಪಾಗಿ ನನಗೆ ನಾಚಿಕೆಯಾಯಿತು. ಎರಡು ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಅನ್ನ, ಸಾರು, ಮಜ್ಜಿಗೆ ಇಷ್ಟಕ್ಕೂ ಸೇರಿ ಅಲ್ಲಿ 80 ರೂಪಾಯಿ. ಹೆಚ್ಚಿನ ರೊಟ್ಟಿಗೆ ಹತ್ತು ಇದ್ದದ್ದು ಹದಿನೈದಾಗಿತ್ತು. "ಏನಕ್ಕಾ, ಒಂದು ರೊಟ್ಟಿಗೆ ಹದಿನೈದೇ?" ಎಂದು ನಾನು ದನಿ ಏರಿಸಿದೆ. ಒಲೆಯ ಮುಂದೆ ಕುಳಿತ ಆಕೆ ತಟ್ಟುವ ಕೈ ನಿಲ್ಲಿಸದೆ, "ಜ್ವಾಳದ ರೇಟ್ ಕೇಳೀರೇನ್ ಸರ?" ಎಂದಳು. ನಾನು ಕೇಳಿರಲಿಲ್ಲ. ಪುದುಚೇರಿಯಲ್ಲಿ ಬದನೆಕಾಯಿಯ ರೇಟನ್ನೂ ಕೇಳಲಿಲ್ಲ. ಅಲ್ಲಿ ಮೌನ, ಇಲ್ಲಿ ಚೌಕಾಶಿ. ಈ ಪಕ್ಷಪಾತವನ್ನು ಕುರಿತೇ ನನ್ನ ತಕರಾರು.

ಬಿಸ್ಟ್ರೋ ಎಂದರೇನು? 19ನೆಯ ಶತಮಾನದ ಕೊನೆಯ ಭಾಗದಲ್ಲಿ ಪ್ಯಾರಿಸಿನ ಆಡುಮಾತಿನಲ್ಲಿ ಕಾಣಿಸಿಕೊಂಡ ಶಬ್ದವಿದು. ಓಣಿಯ ಸಣ್ಣ ಹೊಟೆಲು, ಗುರುತಿನ ಗಿರಾಕಿಗಳು, ಮಿತವಾದ ಬೆಲೆ, ಆ ದಿನ ಸಂತೆಯಲ್ಲಿ ಸಿಕ್ಕಿದ್ದರ ಅಡಿಗೆ, ಅದಕ್ಕಾಗಿಯೇ ಅಳಿಸಿ ಬರೆಯುವ ಕರಿಹಲಗೆ. ರಟಟೂಯಿಯಾದರೋ ಫ್ರಾನ್ಸಿನ ದಕ್ಷಿಣದ ನೀಸ್ ಪ್ರಾಂತದ ಬಡವರ ಅಡಿಗೆ. ಇನ್ನು ಬದನೆಯ ವಂಶಾವಳಿಯನ್ನು ಕೇಳಿ: ಫ್ರೆಂಚರು ಅದನ್ನು 'ಒಬರ್ಜಿನ್' ಎನ್ನುತ್ತಾರೆ. ಆ ಶಬ್ದ ಅವರಿಗೆ ಕೆಟಲಾನ್ ಭಾಷೆಯಿಂದ, ಕೆಟಲಾನಿಗೆ ಅರಬ್ಬಿಯಿಂದ, ಅರಬ್ಬಿಗೆ ಪಾರಸಿಯಿಂದ, ಪಾರಸಿಗೆ ನಮ್ಮ ದೇಶದಿಂದ ಹೋದದ್ದು. ಕಾಯಿಯೂ ಶಬ್ದವೂ ಒಟ್ಟಿಗೇ ಪಯಣ ಮಾಡಿದವು. ಹೀಗಿರುವಾಗ ಬಡವರ ಓಣಿಯ ಅಡಿಗೆಯನ್ನು ತಿನ್ನಲು ನಾವು ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಸವೆಸಿದೆವು. ನಮ್ಮ ಓಣಿಯ ಬಡವಿಯೊಡನೆ ಐದು ರೂಪಾಯಿಗೆ ಜಗಳವಾಡಿದೆವು. ಅವರ ಬಿಸ್ಟ್ರೋ ನಮ್ಮ ಖಾನಾವಳಿಯೇ. ನಡುವಣ ವ್ಯತ್ಯಾಸ ಗೋಡೆಯ ಬಣ್ಣ ಮತ್ತು ನಮ್ಮ ಮನಸ್ಸಿನ ಕೀಳರಿಮೆ.

"ಹಾಗಾದರೆ ಪರದೇಶದ ತಿನಿಸನ್ನು ಮುಟ್ಟಬಾರದೇನು?" ಎಂದು ವಾಚಕರು ಕೇಳಬಹುದು. ಅಂಥ ಮಡಿ ನನ್ನದಲ್ಲ. ಹರಪನಹಳ್ಳಿಯಿಂದ ಕೂಡ್ಲಿಗಿಯವರೆಗೆ ನಾವು ಸಂಜೆಯಾದೊಡನೆ ಹುಡುಕುವ ಮಂಡಕ್ಕಿ ಮಿರ್ಚಿಯಲ್ಲಿ ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಚಟ್ನಿಯ ಶೇಂಗಾ ದಕ್ಷಿಣ ಅಮೆರಿಕದ್ದು. ಒಲೆಗೆ ಜಾತಿಯಿಲ್ಲ. ನಾನು ಕೇಳುವುದು ಒಂದೇ: ಪರರ ತಟ್ಟೆಗೆ ಕೊಡುವ ಮರ್ಯಾದೆಯನ್ನು ನಮ್ಮ ತಟ್ಟೆಗೂ ಕೊಡಬೇಕು.

ಕೊಡುತ್ತಿಲ್ಲವೆಂಬುದಕ್ಕೆ ಸಾಕ್ಷಿ ದೂರವಿಲ್ಲ. ಹಂಪೆಗೆ ಹೋಗಿ ನೋಡಿ. ಪ್ರವಾಸಿಗಳಿಗೆಂದು ತೆರೆದ ಹೊಟೆಲುಗಳ ಪಟ್ಟಿಯಲ್ಲಿ ಪಿಜ್ಜಾ, ಪಾಸ್ತಾ, ಪ್ಯಾನ್‌ಕೇಕುಗಳು ಧಾರಾಳವಾಗಿ ಸಿಗುತ್ತವೆ. ಜೋಳದ ರೊಟ್ಟಿಯನ್ನು ದುರ್ಬೀನು ಹಿಡಿದು ಹುಡುಕಬೇಕು. ಸುಮಾರು 1520ರಲ್ಲಿ ಅಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜಗತ್ತಿನಲ್ಲಿಯೇ ಇಷ್ಟು ಸಮೃದ್ಧಿಯಾಗಿ ದವಸ ದೊರೆಯುವ ಪಟ್ಟಣ ಬೇರೆ ಇಲ್ಲವೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾನೆ. ಅಕ್ಕಿಯ ಜೊತೆಗೆ ಹೆಸರು, ಹುರುಳಿಗಳನ್ನೂ ಎಣಿಸಿದ್ದಾನೆ. ಅವನಿಗೆ ಕಂಡ ಹುರುಳಿ ನಮಗೆ ಕಾಣದೆ ಹೋಯಿತು. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳು ಹೊಸಪೇಟೆಯೊಡನೆ ಅದರಲ್ಲಿ ಸೇರಿದವು. ಆದರೂ ಹಂಪೆಗೆ ಬಂದ ಬೆಂಗಳೂರಿನ ನೆಂಟರನ್ನು ಬಾಗಳಿಯ ಕಲ್ಲೇಶ್ವರನ ಗುಡಿಗೋ ಮೈಲಾರಕ್ಕೋ ಕರೆದರೆ, "ಅಲ್ಲಿ ಊಟಕ್ಕೇನು ಸಿಗುತ್ತದೆ?" ಎಂದು ಮುಖ ಸಿಂಡರಿಸುತ್ತಾರೆ. ತಪ್ಪು ಅವರೊಬ್ಬರದೇ ಅಲ್ಲ. "ಏನೂ ಸಿಗೋದಿಲ್ಲ ಬಿಡಿ" ಎಂದು ಮೊದಲು ಹೇಳುವವರು ನಾವೇ.

ಖಾನಾವಳಿಯವರಿಗೂ ಒಂದು ಮಾತು ಹೇಳಬೇಕು. ಬೋರ್ಡಿನ ಮೇಲೆ ಗೋಬಿ ಮಂಚೂರಿಯನ್ನಿಗೆ ದೊಡ್ಡ ಅಕ್ಷರ, ರೊಟ್ಟಿಗೆ ಮೂಲೆ. ಇದು ತಮ್ಮ ಕೈಯನ್ನು ತಾವೇ ಹಳಿದುಕೊಂಡಂತೆ. ನೊಣ ಮುತ್ತುವ ಮೇಜನ್ನೂ ಒದ್ದೆ ನೆಲವನ್ನೂ 'ಹಳ್ಳಿಯ ಸೊಗಡು' ಎಂದು ಸಮರ್ಥಿಸಿಕೊಳ್ಳುವುದು ಸಲ್ಲದು. ಶುಚಿಗೆ ಫ್ರೆಂಚ್ ಕಲಿಯಬೇಕಿಲ್ಲ. ಒಂದು ಕರಿಹಲಗೆ, ಒಂದು ಸೀಮೆಸುಣ್ಣ ಸಾಕು: 'ಇಂದು ಎಣ್ಣೆಗಾಯಿ, ಪುಂಡಿಪಲ್ಯ, ನವಣೆ ಅನ್ನ' ಎಂದು ಬರೆದು, ಕೆಳಗೆ ರೊಟ್ಟಿ ತಟ್ಟಿದವಳ ಹೆಸರನ್ನು ಬರೆಯಲಿ.

ಫ್ರೆಂಚರ ಊಟದ ಪದ್ಧತಿಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರು ಮೊದಲು ತಮ್ಮ ಊಟವನ್ನು ತಾವು ಗೌರವಿಸಿದರು. ಲೋಕದ ಗೌರವ ಆಮೇಲೆ ಬಂತು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ನಾವೂ ಭಾಷಣ ಮಾಡಿದೆವು. ಜೋಳವೂ ಆ ಪಟ್ಟಿಯಲ್ಲಿತ್ತು. ಭಾಷಣ ಮುಗಿದ ಮೇಲೆ ರೊಟ್ಟಿಗೆ ಚೌಕಾಶಿ ಮಾಡಿದೆವು.

ಹೊಗೆಯಲ್ಲಿ ಕುಳಿತು, ಕಾದ ಹಂಚಿನ ಮೇಲಿನ ರೊಟ್ಟಿಗೆ ಬರಿಗೈಯಿಂದ ನೀರು ಸವರಿ, ದಿನಕ್ಕೆ ಇನ್ನೂರು ರೊಟ್ಟಿ ಬೇಯಿಸುವ ಕಸಬು ಯಾವ ದೇಶದ ಪಾಕಶಾಸ್ತ್ರಕ್ಕೂ ಕಡಿಮೆಯಲ್ಲ. ಖಾನಾವಳಿಯ ಆ ಅಕ್ಕನ ಮಗಳು ಈಗ ಕಾಲೇಜಿನಲ್ಲಿ ನನ್ನ ತರಗತಿಯಲ್ಲಿಯೇ ಇದ್ದಾಳೆ. ತಾಯಿಯ ಕಸಬನ್ನು ಮುಂದುವರಿಸುತ್ತೀಯಾ ಎಂದು ಕೇಳಿದರೆ ಆ ಹುಡುಗಿ ನಗುತ್ತಾಳೆ. ಏಕೆ ಮುಂದುವರಿಸಬೇಕು? ಐದು ರೂಪಾಯಿಗೆ ಅಧ್ಯಾಪಕನಿಂದ ಮಾತು ಕೇಳುವುದಕ್ಕೇ? ರೊಟ್ಟಿ ತಟ್ಟುವ ಕೈಗಳು ಒಂದೊಂದಾಗಿ ಹಿಂದೆ ಸರಿದ ಮೇಲೆ, ಅದೇ ರೊಟ್ಟಿಯನ್ನು ಯಾವನೋ ಜಾಣ ಬಣ್ಣದ ಗೋಡೆಯೊಳಗಿಟ್ಟು ಮುನ್ನೂರು ರೂಪಾಯಿಗೆ ಮಾರುತ್ತಾನೆ. ಆಗ ನಾವು ಬಾಯಿ ಮುಚ್ಚಿಕೊಂಡು ಕೊಡುತ್ತೇವೆ. ಗೋಡೆಗೆ ಒರಗಿ ಫೋಟೋವನ್ನೂ ತೆಗೆಸಿಕೊಳ್ಳುತ್ತೇವೆ.