ಯೂನಿಟ್ಟಿಗೆ ಹತ್ತು ರೂಪಾಯಿ

ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳು ಇರುವುದು ಬೆಂಗಳೂರಿನ ಲಗ್ಗೆರೆಯ ಒಂದು ವಠಾರದಲ್ಲಿ. ಒಂದೇ ಕೋಣೆ, ಅದರಲ್ಲೇ ಒಲೆ, ಹೊರಗೆ ಐದು ಸಂಸಾರಕ್ಕೆ ಸೇರಿ ಒಂದು ಬಚ್ಚಲು. ಎರಡು ಬಲ್ಬು, ಒಂದು ಫ್ಯಾನು, ಟೀವಿ, ಮಿಕ್ಸಿ, ಮಗನ ಫೋನಿನ ಚಾರ್ಜರ್. ತಿಂಗಳಿಗೆ ಹೆಚ್ಚೆಂದರೆ 45 ಯೂನಿಟ್ ಓಡುತ್ತದೆ. ಬಾಗಿಲ ಪಕ್ಕ ಹಾಕಿಸಿರುವ ಸಬ್ ಮೀಟರ್ ನೋಡಿ ಮನೆ ಮಾಲೀಕರು ಯೂನಿಟ್ಟಿಗೆ ಹತ್ತು ರೂಪಾಯಿಯಂತೆ ವಸೂಲಿ ಮಾಡುತ್ತಾರೆ. 450 ರೂಪಾಯಿ. ಹೋದ ಬೇಸಿಗೆಯಲ್ಲಿ ಒಂದು ದಿನ ಪಾತ್ರೆ ತೊಳೆಯುತ್ತಲೇ ಆಕೆ ಕೇಳಿದರು: “ಅಕ್ಕಾ, ಕರೆಂಟು ಫ್ರೀ ಅಂತಾರಲ್ಲ, ನಮಗ್ಯಾಕಿಲ್ಲ?”

ಉತ್ತರ ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಅದೇ ತಿಂಗಳು ನಮ್ಮ ಮನೆಯಲ್ಲಿ 280 ಯೂನಿಟ್ ಓಡಿತ್ತು. ಗೀಜರ್, ವಾಷಿಂಗ್ ಮಷೀನ್, ರಾತ್ರಿಯೆಲ್ಲ ಏ.ಸಿ. ಆಗ ನಾನು ಯೂನಿಟ್ಟಿಗೆ ಕೊಟ್ಟ ಮೂಲ ದರ 5 ರೂಪಾಯಿ 80 ಪೈಸೆ. ಏ.ಸಿ.ಗೆ ಐದೂ ಎಂಬತ್ತು, ಒಂದು ಬಲ್ಬಿಗೆ ಹತ್ತು. ಈ ಲೆಕ್ಕವನ್ನು ಎದುರಿಗಿಟ್ಟುಕೊಂಡು, ನನ್ನಂತೆಯೇ ನೆಮ್ಮದಿಯಾಗಿ ಬಿಲ್ ಕಟ್ಟುವ ಎಲ್ಲರನ್ನೂ ಒಂದು ಮಾತು ಕೇಳುವುದಿದೆ.

ವಠಾರದ ಲೆಕ್ಕವನ್ನೇ ಮೊದಲು ಬಿಡಿಸೋಣ. ಐದು ಸಂಸಾರ, ತಲಾ 45 ಯೂನಿಟ್, ಒಟ್ಟು 225. ಇಡೀ ವಠಾರಕ್ಕೆ ಇರುವುದು ಒಂದೇ ಆರ್.ಆರ್. ನಂಬರ್, ಅಂದರೆ ಒಂದೇ ಸಂಪರ್ಕ. 2023ರ ಜುಲೈನಿಂದ ಜಾರಿಗೆ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದ ಮೀಟರಿಗೆ ಆ ತಿಂಗಳ ಇಡೀ ಬಿಲ್ ಬೀಳುತ್ತದೆ. ಹಾಗಾಗಿ ಒಬ್ಬೊಬ್ಬರೇ ಆಗಿದ್ದರೆ ಸೊನ್ನೆ ಬಿಲ್ಲಿಗೆ ಅರ್ಹರಾಗಬಹುದಾಗಿದ್ದ ಐದು ಬಡ ಸಂಸಾರಗಳು ಒಂದು ಮೀಟರಿನೊಳಗೆ ಸೇರಿದ್ದಕ್ಕೆ ಒಬ್ಬ ಅನುಕೂಲಸ್ಥನಂತೆ ಕಾಣುತ್ತವೆ. ಮಾಲೀಕರಿಗೆ ಆಗಿನ 5.80ರ ದರದಂತೆ 1305 ರೂಪಾಯಿ, ಮೇಲೆ ನಿಗದಿತ ಶುಲ್ಕ, ಸರ್‌ಚಾರ್ಜ್, ಶೇ. 9ರ ವಿದ್ಯುತ್ ತೆರಿಗೆ. ಮೂರು ಕಿಲೋವ್ಯಾಟ್ ಲೋಡ್ ಎಂದಿಟ್ಟುಕೊಂಡರೆ ಎಲ್ಲ ಸೇರಿ 1900ರ ಆಸುಪಾಸು. ವಸೂಲಾಗುವುದು 2250. ಹಾಗೆ ನೋಡಿದರೆ ಆ ಮಾಲೀಕರು ಅದರಲ್ಲಿ ಮಹಲು ಕಟ್ಟುವಷ್ಟೇನೂ ಮಾಡಿಕೊಳ್ಳುತ್ತಿಲ್ಲ. ನೋವಿನ ವಿಷಯ ಇರುವುದೇ ಅಲ್ಲಿ. ಐದು ಮೀಟರ್ ಇದ್ದಿದ್ದರೆ ಈ ಐದೂ ಮನೆಗಳು ಒಂದು ಪೈಸೆ ಕೊಡಬೇಕಾಗಿರಲಿಲ್ಲ.

ಇನ್ನೊಂದು ಬಗೆಯ ವಠಾರವಿದೆ. ಅದರ ಬಗ್ಗೆ ಇಷ್ಟು ಮೆತ್ತಗೆ ಮಾತಾಡಲಾರೆ. ಒಟ್ಟು ಬಳಕೆ ಮಿತಿಯೊಳಗೇ ಇದ್ದು, ಮಾಲೀಕರ ಕೈಗೆ ಸೊನ್ನೆ ಬಿಲ್ ಬಂದಿದ್ದರೂ, ಬಾಡಿಗೆಯವರಿಂದ ಯೂನಿಟ್ಟಿಗೆ ಎಂಟು, ಹತ್ತು ಎಂದು ಎಣಿಸಿಕೊಳ್ಳುವ ಕಡೆ. ಸರ್ಕಾರ ಬಡವರ ಹೆಸರಿನಲ್ಲಿ ಕೊಟ್ಟ ಹಣ ಅದು. ಅದನ್ನು ಜೇಬಿಗಿಳಿಸುವುದಕ್ಕೆ ನನ್ನ ಊರಿನಲ್ಲಿ ಒಂದೇ ಹೆಸರಿದೆ: ಕಳವು.

ಕಾನೂನು ಈ ವಿಷಯದಲ್ಲಿ ಕುರುಡಾಗಿಲ್ಲ. ದರವನ್ನು ಗೊತ್ತುಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಜನ ಕೆಇಆರ್‌ಸಿ ಎನ್ನುವುದು ಇದನ್ನೇ. 2003ರ ವಿದ್ಯುಚ್ಛಕ್ತಿ ಕಾಯಿದೆಯ 62ನೇ ಕಲಮಿನ ಪ್ರಕಾರ ಆಯೋಗ ಹೇಳಿದ ದರಕ್ಕಿಂತ ಒಂದು ಪೈಸೆ ಹೆಚ್ಚು ವಸೂಲಿ ಮಾಡಿದರೂ ಆ ಹೆಚ್ಚುವರಿಯನ್ನು ಬ್ಯಾಂಕ್ ದರದ ಬಡ್ಡಿ ಸೇರಿಸಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಎಸ್ಕಾಂ, ಗ್ರಾಹಕನಿಗೆ ಹಿಂದಿರುಗಿಸಬೇಕು. ಎಷ್ಟು ಗಟ್ಟಿಯಾದ ಬೇಲಿ! ಆದರೆ ಈ ಬೇಲಿ ಮುಖ್ಯ ಮೀಟರಿನವರೆಗೆ ಬಂದು ನಿಂತುಬಿಡುತ್ತದೆ. ಅದರಾಚೆ ಸಬ್ ಮೀಟರಿನಲ್ಲಿ ಬದುಕುವವರು ಆಯೋಗದ ಲೆಕ್ಕದಲ್ಲಿ ಗ್ರಾಹಕರೇ ಅಲ್ಲ. ಕರೆಂಟು ಮಾರಲು ಪರವಾನಗಿ ಬೇಕು. ಮನೆ ಮಾಲೀಕರಿಗೆ ಆ ಪರವಾನಗಿ ಇಲ್ಲ. ಆದರೂ ಬೀದಿಬೀದಿಯಲ್ಲಿ ಮಾರಾಟ ನಡೆದಿದೆ, ಮತ್ತು ರಾಜ್ಯದ ಅತಿ ದುಬಾರಿ ಗೃಹಬಳಕೆಯ ಕರೆಂಟನ್ನು ಕೊಳ್ಳುತ್ತಿರುವವರು ಅತಿ ಬಡವರು.

ಈಗ ನಮ್ಮ ಕಡೆಗೆ ಬರೋಣ. 2022-23ರವರೆಗೆ ಮನೆಗಳಿಗೆ ಮೆಟ್ಟಿಲು ದರವಿತ್ತು. ಮೊದಲ 50 ಯೂನಿಟ್ ಅಗ್ಗ, ಆಮೇಲಿನ 50 ತುಸು ಹೆಚ್ಚು, 100 ದಾಟಿದ ಮೇಲೆ ದುಬಾರಿ. ದೀಪ, ಫ್ಯಾನು, ಮಿಕ್ಸಿಯಂಥ ಬದುಕಿನ ಅಗತ್ಯಕ್ಕೆ ಕಡಿಮೆ ಬೆಲೆ, ಸುಖಕ್ಕೆ ಹೆಚ್ಚು ಬೆಲೆ ಎಂಬ ಸರಳ ನ್ಯಾಯ ಅದು. 2023ರ ಮೇ 12ರಂದು ಬಂದ ಆದೇಶದಲ್ಲಿ ಮೆಟ್ಟಿಲು ಎರಡಾಯಿತು: 100 ಯೂನಿಟ್‌ವರೆಗೆ 4.75, ನೂರು ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. 2024ರ ಫೆಬ್ರವರಿ 28ರ ಆದೇಶದಲ್ಲಿ ಆ ಎರಡೂ ಹೋಗಿ ಎಲ್ಲರಿಗೂ ಒಂದೇ ದರ, 5.90. ನೂರಕ್ಕಿಂತ ಹೆಚ್ಚು ಉರಿಸುವವರಿಗೆ ಯೂನಿಟ್ಟಿಗೆ 1 ರೂಪಾಯಿ 10 ಪೈಸೆ ಇಳಿಯಿತು ಎಂದು ಪತ್ರಿಕೆಗಳಲ್ಲಿ ದಪ್ಪ ಅಕ್ಷರದಲ್ಲಿ ಬಂತು. ನೂರರೊಳಗೆ ಬದುಕುವವರಿಗೆ ಮೂಲ ದರ 1 ರೂಪಾಯಿ 15 ಪೈಸೆ ಏರಿತು ಎನ್ನುವುದು ಅದೇ ಆದೇಶದ ಇನ್ನೊಂದು ಮಗ್ಗುಲು.

280 ಯೂನಿಟ್ಟಿನ ನನ್ನ ಮನೆಗೆ ತಿಂಗಳಿಗೆ 308 ರೂಪಾಯಿ ಉಳಿಯಿತು. ಬಿಲ್ ನೋಡಿ ಸಂತೋಷಪಟ್ಟೆ, ಮೊಬೈಲಿನಲ್ಲಿ ದುಡ್ಡು ಕಟ್ಟಿ ಮುಗಿಸಿದೆ. 60 ಯೂನಿಟ್ ಉರಿಸುವ ಮನೆಯ ಮೂಲ ಮೊತ್ತ ಅದೇ ಆದೇಶದಿಂದ 285 ರೂಪಾಯಿಯಿಂದ 354ಕ್ಕೆ ಹೋಯಿತು ಎಂದು ಲೆಕ್ಕ ಹಾಕಿ ನೋಡಲು ನನಗೆ ಒಂದು ವರ್ಷ ಬೇಕಾಯಿತು. ದರ ಏರಿದಾಗ ಬೀದಿಗಿಳಿಯುವ ನಾವು, ನಮ್ಮದು ಇಳಿದಾಗ ಯಾರದು ಏರಿತು ಎಂದು ಕೇಳಲಿಲ್ಲ. ಆ ಮೌನ ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

“ಬಡವರಿಗೆ ಗೃಹಜ್ಯೋತಿ ಇದೆಯಲ್ಲ, ಅವರ ದರ ಎಷ್ಟಾದರೇನು” ಎಂದು ಗೆಳತಿಯೊಬ್ಬಳು ಹೇಳಿದಳು. ಈ ಮಾತನ್ನು ಬಹಳ ಜನ ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಗೃಹಜ್ಯೋತಿ ಲಕ್ಷಾಂತರ ಮನೆಗಳಲ್ಲಿ ಅಕ್ಕಿ, ಔಷಧಿ, ಮಕ್ಕಳ ಪುಸ್ತಕಕ್ಕೆ ದುಡ್ಡು ಉಳಿಸಿದೆ. ಅದರ ಬಗ್ಗೆ ಕೊಂಕು ನುಡಿಯುವವರ ಜೊತೆ ನಾನಿಲ್ಲ. ಆದರೆ ದರ ಬೇರೆ, ಸಹಾಯಧನ ಬೇರೆ. ದರ ಎನ್ನುವುದು ಹಕ್ಕು: ಆಯೋಗ ವಿಚಾರಣೆ ನಡೆಸಿ, ಕಾರಣ ಕೊಟ್ಟು ಬರೆಯುವ ಆದೇಶ. ಸಹಾಯಧನ ಸರ್ಕಾರದ ನಿರ್ಧಾರ. ಅದೇ ಕಾಯಿದೆಯ 65ನೇ ಕಲಮಿನಂತೆ ಸರ್ಕಾರ ಯಾರಿಗಾದರೂ ರಿಯಾಯಿತಿ ಕೊಡಬೇಕೆಂದರೆ ಆ ಹಣವನ್ನು ಮುಂಗಡವಾಗಿ ಕಟ್ಟಬೇಕು. ಕಟ್ಟದಿದ್ದರೆ ಆಯೋಗದ ದರವೇ ಅನ್ವಯ. ಸಹಾಯಧನದ ಚಾವಣಿ ಎಂದಾದರೂ ಒಂದು ದಿನ ಸರಿದರೆ ಕೆಳಗೆ ಇರುವ ನೆಲ 4.75 ಆಗಿರುವುದಿಲ್ಲ. ಆ ನೆಲವನ್ನು ನಾವು ಆಗಲೇ ಅಗೆದು ತೆಗೆದಿದ್ದೇವೆ.

ಮೆಟ್ಟಿಲು ತೆಗೆದವರಿಗೂ ಒಂದು ವಾದವಿದೆ. ದರ ಎಂದರೆ ಪೂರೈಕೆಯ ಖರ್ಚಿಗೆ ಹತ್ತಿರ ಇರಬೇಕು, ಒಬ್ಬರ ಬಿಲ್ಲಿನಿಂದ ಇನ್ನೊಬ್ಬರ ಬಿಲ್ ತುಂಬುವುದು ಕಡಿಮೆಯಾಗಬೇಕು ಎಂದು ಕಾಯಿದೆಯೇ ಹೇಳುತ್ತದೆ. ಒಪ್ಪೋಣ. ಆದರೆ ಕೇಂದ್ರ ಸರ್ಕಾರದ ದರ ನೀತಿಯೇ, ತಿಂಗಳಿಗೆ 30 ಯೂನಿಟ್ಟಿನಂಥ ಮಿತಿಯೊಳಗೆ ಬಳಸುವ ಬಡವರಿಗೆ ಸರಾಸರಿ ಖರ್ಚಿನ ಅರ್ಧದಷ್ಟು ದರ ಇಡಬಹುದು ಎಂದು ದಾರಿ ಬಿಟ್ಟಿದೆ. ದಾರಿ ಇದ್ದೂ ನಡೆಯದಿರುವುದು ನಮ್ಮ ಆಯ್ಕೆ. ಅದನ್ನು ಅನಿವಾರ್ಯ ಎಂದು ಯಾರೂ ಹೇಳದಿರಲಿ.

2025ರ ಏಪ್ರಿಲ್‌ನಲ್ಲಿ ಮತ್ತೆ ಹತ್ತು ಪೈಸೆ ಇಳಿಸಿ 5.80 ಮಾಡಿದರು. ಜೊತೆಗೆ ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿಗೆಂದು ಯೂನಿಟ್ಟಿಗೆ 36 ಪೈಸೆಯ ಸರ್‌ಚಾರ್ಜ್ ಬಂತು. ಕಿಲೋವ್ಯಾಟಿಗೆ 120 ಇದ್ದ ನಿಗದಿತ ಶುಲ್ಕ 145 ಆಯಿತು. ಒಂದು ಕಿಲೋವ್ಯಾಟ್ ಲೋಡಿನ, 60 ಯೂನಿಟ್ಟಿನ ಮನೆಗೆ ಹತ್ತು ಪೈಸೆಯಿಂದ ಉಳಿದದ್ದು 6 ರೂಪಾಯಿ. ಹೆಚ್ಚಿದ್ದು 46 ರೂಪಾಯಿ 60 ಪೈಸೆ. ನಿಗದಿತ ಶುಲ್ಕಕ್ಕೆ ಒಂದು ಕ್ರೂರ ಗುಣವಿದೆ: ದೀಪ ಆರಿಸಿ ಕತ್ತಲೆಯಲ್ಲಿ ಕೂತರೂ ಅದು ಇಳಿಯುವುದಿಲ್ಲ. ಬಡವರ ಕೈಲಿರುವ ಒಂದೇ ಉಪಾಯ, ಮಿತವಾಗಿ ಬಳಸುವುದು, ಅಲ್ಲಿ ನಡೆಯುವುದೇ ಇಲ್ಲ.

ಬೆಂಗಳೂರಿನ ಬೆಸ್ಕಾಂ, ಮಂಗಳೂರಿನ ಮೆಸ್ಕಾಂ, ಹುಬ್ಬಳ್ಳಿಯ ಹೆಸ್ಕಾಂ, ಕಲಬುರಗಿಯ ಜೆಸ್ಕಾಂ, ಮೈಸೂರಿನ ಸೆಸ್ಕ್ ಎಂದು ಕಂಪನಿಗಳು ಐದಿದ್ದರೂ ಮನೆಗಳ ದರ ಒಂದೇ. ಹಳ್ಳಿಗೆ ತಂತಿ ಎಳೆಯುವ ಖರ್ಚು ಹೆಚ್ಚು ಎಂಬ ಕಾರಣಕ್ಕೆ ಹಳ್ಳಿಯವನು ಹೆಚ್ಚು ತೆರಬಾರದು. ಇದು ಕನ್ನಡ ನಾಡು ಉಳಿಸಿಕೊಂಡಿರುವ ಒಳ್ಳೆಯ ನಡೆ. ಆದರೆ ಒಂದೇ ಅಳತೆ ಎಲ್ಲ ಕಡೆಯೂ ನ್ಯಾಯವಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯಲ್ಲಿ ಕೂಸಿಗೆ, ಮುದುಕರಿಗೆ ಕೂಲರ್ ಓಡಲೇಬೇಕು. ಮಡಿಕೇರಿಯಲ್ಲಿ ಅದೇ ಹೊತ್ತಿಗೆ ರಾತ್ರಿ ಹೊದಿಕೆ ಹೊದೆಯುತ್ತಾರೆ. ಎರಡೂ ಕಡೆ ಮಿತಿ 200. 2023ರ ಆಗಸ್ಟ್ 5ರಂದು ಗೃಹಜ್ಯೋತಿಗೆ ವಿಧ್ಯುಕ್ತ ಚಾಲನೆ ಕೊಟ್ಟದ್ದು ಕಲಬುರಗಿಯಲ್ಲೇ. ಆ ಊರಿನ ಬೇಸಿಗೆಗೆ ಆ ಯೋಜನೆಯಲ್ಲಿ ಒಂದು ಸಾಲು ಜಾಗ ಸಿಗಬಾರದಿತ್ತೇ? ಇನ್ನು ಕರೆಂಟು ಹುಟ್ಟುವ ಜಾಗಗಳನ್ನು ನೋಡಿ: ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಹಾರುಬೂದಿಯ ಪಕ್ಕದಲ್ಲಿ ಬದುಕುವವರು, ಲಿಂಗನಮಕ್ಕಿಯ ಹಿನ್ನೀರಿಗೆ ಮನೆ ಮಠ ಬಿಟ್ಟುಕೊಟ್ಟು ಹಕ್ಕುಪತ್ರಕ್ಕೆ ಅಲೆದ ಶರಾವತಿ ಸಂತ್ರಸ್ತರು, ಇವರು ತಮ್ಮ ಪಾಲಿನ ಬೆಲೆಯನ್ನು ಬಿಲ್ ಬರುವ ಮೊದಲೇ ಕಟ್ಟಿದವರು.

ಇಷ್ಟೆಲ್ಲ ನಡೆಯುವುದು ಗುಟ್ಟಿನಲ್ಲಲ್ಲ. ಸಾಮಾನ್ಯವಾಗಿ ನವೆಂಬರ್ ಮುಗಿಯುವುದರೊಳಗೆ ಎಸ್ಕಾಂಗಳು ಆಯೋಗಕ್ಕೆ ಅರ್ಜಿ ಹಾಕುತ್ತವೆ. ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ. ಸಣ್ಣ ಅಕ್ಷರ, ಉದ್ದ ಪಟ್ಟಿ, ನಾವು ಮಗುಚಿ ಹಾಕುವ ಪುಟ. ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. ಆಮೇಲೆ ಸಾರ್ವಜನಿಕ ವಿಚಾರಣೆ. ನಾನು ಮೊದಲ ಸಲ ಅಂಥ ಒಂದು ವಿಚಾರಣೆಗೆ ಹೋದಾಗ ಸಭಾಂಗಣದ ಮುಂದಿನ ಸಾಲುಗಳಲ್ಲಿ ಕೈಗಾರಿಕೆಗಳ ಪರ ಬಂದವರಿದ್ದರು, ದಪ್ಪ ಕಡತ ಹಿಡಿದು. ಪಂಪ್‌ಸೆಟ್ಟಿನ ಕರೆಂಟಿಗಾಗಿ ಎದೆ ತಟ್ಟಿ ಮಾತಾಡಿದ ರೈತರಿದ್ದರು. ಮನೆಬಳಕೆಯ ದರದ ಬಗ್ಗೆ ಮಾತಾಡಲು ಎದ್ದವರು ಇಬ್ಬರು, ಇಬ್ಬರೂ ನಿವೃತ್ತರು. ಅಡುಗೆಮನೆಯಿಂದ ಬಂದ ಒಂದು ದನಿ ಇರಲಿಲ್ಲ. ಮಾತಾಡದವರ ಪರವಾಗಿ ಆದೇಶ ಬರೆಯಲು ಯಾವ ಆಯೋಗಕ್ಕೂ ಕಷ್ಟ.

ಆದ್ದರಿಂದ ಕೇಳಿಕೊಳ್ಳುತ್ತಿದ್ದೇನೆ. ವಠಾರದ ಮಾಲೀಕರೇ, ನಿಮ್ಮ ಬಾಡಿಗೆಯವರಿಗೆ ಪ್ರತ್ಯೇಕ ಮೀಟರ್ ಹಾಕಿಸಲು ಈ ತಿಂಗಳೇ ಅರ್ಜಿ ಕೊಡಿ. ಅದು ಬರುವ ತನಕ ಬಿಲ್ ತಂದು ಬಾಗಿಲಲ್ಲಿ ಅಂಟಿಸಿ, ಬಂದ ಮೊತ್ತವನ್ನು ಯೂನಿಟ್ಟಿನ ಲೆಕ್ಕದಲ್ಲಿ ಹಂಚಿ, ಅದಕ್ಕಿಂತ ಒಂದು ರೂಪಾಯಿ ಮುಟ್ಟಬೇಡಿ. ಸೊನ್ನೆ ಬಿಲ್ ಬಂದಿದ್ದರೆ ಸೊನ್ನೆಯನ್ನೇ ಹಂಚಿ. ಅಧಿಕಾರದಲ್ಲಿರುವವರೇ, ಸ್ವಾಧೀನಾನುಭವ ಪತ್ರ ಇಲ್ಲದ ಕಟ್ಟಡಕ್ಕೆ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಇಂಥ ವಠಾರಗಳಿಗೆ ಹೊಸ ಮೀಟರ್ ಸಿಗುವುದು ಇನ್ನೂ ಕಷ್ಟವಾಯಿತು. ಕಟ್ಟಡ ಕಟ್ಟಿದವರ ತಪ್ಪಿಗೆ ಬಾಡಿಗೆಗಿರುವವರು ದಂಡ ತೆರದಂತೆ ದಾರಿ ಹುಡುಕುವುದು ನಿಮ್ಮ ಕೆಲಸ. ಸಬ್ ಮೀಟರಿನ ವಸೂಲಿಗೂ ಆಯೋಗದ ದರವೇ ಗರಿಷ್ಠ ಮಿತಿ ಎಂದು ಸ್ಪಷ್ಟವಾಗಿ ಬರೆದು, ದೂರು ಕೊಡಲು ಒಂದು ಕಿಟಕಿ ತೆರೆಯಿರಿ.

ಮತ್ತು ನಾವು, ನನ್ನಂಥವರು. ಬರುವ ವಿಚಾರಣೆಯಲ್ಲಿ ನಾವೇ ಎದ್ದು ನಿಂತು, “ಮೊದಲ 50 ಯೂನಿಟ್ಟಿನ ಅಗ್ಗದ ಮೆಟ್ಟಿಲನ್ನು ವಾಪಸ್ ಕೊಡಿ, ನಮ್ಮ ದರ ಬೇಕಾದರೆ ಏರಲಿ” ಎನ್ನಬೇಕು. ಅದರಿಂದ ನನಗೆ ತಿಂಗಳಿಗೆ ಮುನ್ನೂರು ರೂಪಾಯಿ ಹೆಚ್ಚಾಗಬಹುದು. ಒಂದು ಹೋಟೆಲ್ ಊಟದ ದುಡ್ಡು. ಇದನ್ನು ಹೇಳುವ ಧೈರ್ಯ ನಮಗಿಲ್ಲದಿದ್ದರೆ ಬಡವರ ಬಗ್ಗೆ ನಾವು ಆಡುವ ಮರುಕದ ಮಾತನ್ನು ನಿಲ್ಲಿಸಿಬಿಡುವುದು ಮೇಲು.

ಲಗ್ಗೆರೆಯ ಆ ತಾಯಿಗೆ ಕೊನೆಗೂ ಎಲ್ಲವನ್ನೂ ಬಿಡಿಸಿ ಹೇಳಿದೆ. ಆರ್.ಆರ್. ನಂಬರ್, 225 ಯೂನಿಟ್, ಆಯೋಗ, ವಿಚಾರಣೆ. ಗಮನವಿಟ್ಟು ಕೇಳಿ, “ಅಲ್ಲಿ ನಮ್ಮಂಥೋರು ಮಾತಾಡಬೋದಾ ಅಕ್ಕಾ?” ಎಂದರು. ಮಾತಾಡಬಹುದು ಎಂದೆ. “ಹಂಗಾದ್ರೆ ಅವತ್ತು ಒಂದಿನ ರಜಾ ಬೇಕು.” ಅವರು ಕೆಲಸ ಮಾಡುವ ಮನೆಗಳು ನಾಲ್ಕು. ನಮ್ಮದೊಂದು. ಉಳಿದ ಮೂರು ಮನೆಗಳ ಬಾಗಿಲು ತಟ್ಟಿ, ಅವತ್ತಿನ ಸಂಬಳ ಹಿಡಿಯಬೇಡಿ ಎಂದು ಕೇಳಲು ನಾನು ಈ ಭಾನುವಾರ ಹೋಗುತ್ತಿದ್ದೇನೆ.