ಹಣ್ಣಿನ ಸಿಪ್ಪೆ ಮತ್ತು ಕರಿ ಬೂಷ್ಟು: ಒಂದು ಲೆಕ್ಕಾಚಾರ

ಮುಂಡಗೋಡ, ಹಳಿಯಾಳದ ಅರೆಮಲೆನಾಡಿನಲ್ಲಿ ಮಾವು, ಬನವಾಸಿಯ ಕಡೆ ಅನಾನಸ್, ಜೋಯಿಡಾದಲ್ಲಿ ಹಲಸು ಮತ್ತು ಮುರುಗಲು. ಮುಂಡಗೋಡ ತಾಲ್ಲೂಕಿನ ಇಂದೂರದಂಥ ಊರಿನ ಸುತ್ತ ಒಂದು ದಿನದ ಓಡಾಟದ ದೂರದಲ್ಲೇ ಇಷ್ಟೆಲ್ಲ ಹಣ್ಣು ಬೆಳೆಯುತ್ತದೆ. ಬೆಳೆದದ್ದರಲ್ಲಿ ನಾವು ತಿನ್ನುವುದು ಒಂದು ಪಾಲು ಮಾತ್ರ. ಮಾವಿನ ರಸ ತೆಗೆದಾಗ ಹಣ್ಣಿನ ತೂಕದ ಮೂರನೇ ಒಂದು ಭಾಗಕ್ಕೂ ಹೆಚ್ಚು ಸಿಪ್ಪೆ, ಗೊರಟೆಯಾಗಿ ಹೊರಬೀಳುತ್ತದೆ. ಅನಾನಸ್‌ನ ಜುಟ್ಟು, ಸಿಪ್ಪೆ, ನಡುವಿನ ದಿಂಡು ತೆಗೆದರೆ ಉಳಿಯುವುದು ಸುಮಾರು ಅರ್ಧ. ಈ ಕಸವನ್ನು ವಂಶವಾಹಿ ತಿದ್ದಿದ ಬೂಷ್ಟಿಗೆ ತಿನ್ನಿಸಿ, ಅದರಿಂದ ಬೆಲೆಬಾಳುವ ರಾಸಾಯನಿಕಗಳನ್ನು ಪಡೆಯಬಹುದು ಎಂಬ ಮಾತು ಈಗ ಕೇಳಿಬರುತ್ತಿದೆ. ಅದು ಹೇಗೆ ಸಾಧ್ಯ, ಎಷ್ಟರ ಮಟ್ಟಿಗೆ ಸಾಧ್ಯ ಎಂದು ನೋಡೋಣ.

ಬೂಷ್ಟು, ಅಂದರೆ ಶಿಲೀಂಧ್ರ, ಉಣ್ಣುವ ಬಗೆಯೇ ಬೇರೆ. ಅದಕ್ಕೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಕುಳಿತ ಜಾಗದಲ್ಲಿ ಕಿಣ್ವಗಳನ್ನು ಒಸರುತ್ತದೆ. ಕಿಣ್ವವೆಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು; ಇಲ್ಲಿ ಅದು ದೊಡ್ಡ ಅಣುಗಳನ್ನು ತುಂಡರಿಸುತ್ತದೆ. ಸಿಪ್ಪೆಯ ನಾರು, ಅಂಟು, ಪಿಷ್ಟ ಎಲ್ಲವೂ ಹೊರಗೇ ಕರಗಿ ಸಕ್ಕರೆಯಾಗುತ್ತವೆ. ಬಳಿಕ ಬೂಷ್ಟು ಆ ಸಕ್ಕರೆಯನ್ನು ಹೀರಿಕೊಳ್ಳುತ್ತದೆ. ಕೆಲವು ಜಾತಿಗಳು ಇದರ ಜೊತೆಗೆ ಸುತ್ತಲೂ ಆಮ್ಲವನ್ನೂ ಸುರಿಯುತ್ತವೆ. ಹುಳಿಯಾದ ಜಾಗದಲ್ಲಿ ಬೇರೆ ಸೂಕ್ಷ್ಮಜೀವಿಗಳು ಸುಲಭವಾಗಿ ಬದುಕಲಾರವು.

ಈ ಗುಣವನ್ನು ಮನುಷ್ಯ ದುಡಿಸಿಕೊಳ್ಳಲು ಆರಂಭಿಸಿ ನೂರು ವರ್ಷ ದಾಟಿದೆ. ಹಳೆಯ ಈರುಳ್ಳಿಯ ಪದರಗಳ ನಡುವೆ ಕರಿ ಪುಡಿಯಂತೆ ಕಾಣುವ ಬೂಷ್ಟಿನ ಹೆಸರು ಆಸ್ಪರ್‌ಜಿಲಸ್ ನೈಜರ್. ಸರಿಯಾದ ತಳಿಗೆ ಸಕ್ಕರೆ ಹೇರಳವಾಗಿ ಕೊಟ್ಟು ಹುಳಿಯಾದ ದ್ರವದಲ್ಲಿ ಬೆಳೆಸಿದರೆ ಅದು ಸಿಟ್ರಿಕ್ ಆಮ್ಲ, ಅಂದರೆ ನಿಂಬೆಯ ಹುಳಿಯನ್ನು, ರಾಶಿಗಟ್ಟಲೆ ಕೊಡುತ್ತದೆ ಎಂದು 1917ರಲ್ಲಿ ಅಮೆರಿಕದ ಜೇಮ್ಸ್ ಕರ್ರಿ ತೋರಿಸಿದರು. ಅಲ್ಲಿಯವರೆಗೆ ಈ ಆಮ್ಲ ಹೆಚ್ಚಾಗಿ ಇಟಲಿಯ ನಿಂಬೆಹಣ್ಣಿನಿಂದಲೇ ಬರುತ್ತಿತ್ತು. ಇಂದು ತಂಪು ಪಾನೀಯ, ಜಾಮ್, ಔಷಧಿ, ಮಾರ್ಜಕಗಳಲ್ಲಿ ಬಳಕೆಯಾಗುವ ಸಿಟ್ರಿಕ್ ಆಮ್ಲದ ಬಹುಪಾಲನ್ನು ಈ ಬೂಷ್ಟೇ ತಯಾರಿಸುತ್ತದೆ. ಜಗತ್ತಿನ ವಾರ್ಷಿಕ ಉತ್ಪಾದನೆ 20 ಲಕ್ಷ ಟನ್ ಮೀರಿದೆ.

ಕರ್ನಾಟಕಕ್ಕೂ ಈ ವಿದ್ಯೆ ಹೊಸದಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು 1990ರ ದಶಕದ ಮೊದಲ ವರ್ಷಗಳಲ್ಲಿ ಇದೇ ಕರಿ ಬೂಷ್ಟನ್ನು ಕಾಫಿ ಹೊಟ್ಟಿನ ಮೇಲೂ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಮೇಲೂ ಬೆಳೆಸಿ ಸಿಟ್ರಿಕ್ ಆಮ್ಲ ಪಡೆದರು. ನೀರಿನ ತೊಟ್ಟಿಯ ಬದಲು ಒದ್ದೆ ಹೊಟ್ಟಿನ ಮೇಲೆಯೇ ಬೂಷ್ಟು ಬೆಳೆಸುವ ಈ ಪದ್ಧತಿಗೆ ಘನಸ್ಥಿತಿ ಹುದುಗುವಿಕೆ ಎನ್ನುತ್ತಾರೆ. 1978ರಲ್ಲಿ ಪಪ್ಪಾಯಿಯ ಹಾಲಿನಿಂದ ಕಿಣ್ವ ತೆಗೆಯುತ್ತ ಶುರುವಾದ ಬೆಂಗಳೂರಿನ ಬಯೋಕಾನ್ ಕೂಡ ಮುಂದೆ ಇದೇ ಪದ್ಧತಿಯಲ್ಲಿ ಪಳಗಿತು.

ಹಾಗಿದ್ದರೆ ವಂಶವಾಹಿ ತಿದ್ದುವ ಅಗತ್ಯವೇನು? ಬೂಷ್ಟು ಸಹಜವಾಗಿ ಮಾಡುವ ವಸ್ತುಗಳು ಕೆಲವೇ. ನಮಗೆ ಬೇಕಾದವು ಹಲವು. ಹಣ್ಣಿನ ಸಿಪ್ಪೆಯಲ್ಲಿ ಪೆಕ್ಟಿನ್ ಎಂಬ ಅಂಟು ಧಾರಾಳವಾಗಿರುತ್ತದೆ. ಜಾಮ್ ಗಟ್ಟಿಯಾಗುವುದು ಇದರಿಂದಲೇ. ಪೆಕ್ಟಿನ್ ಒಡೆದಾಗ ಮುಖ್ಯವಾಗಿ ಸಿಗುವುದು ಗ್ಯಾಲಕ್ಟ್ಯುರಾನಿಕ್ ಆಮ್ಲ. ಮದ್ಯ ತಯಾರಿಕೆಯ ಸಾಮಾನ್ಯ ಯೀಸ್ಟ್ ಇದನ್ನು ಮುಟ್ಟುವುದಿಲ್ಲ. ಕರಿ ಬೂಷ್ಟು ತಿನ್ನುತ್ತದೆ, ಆದರೆ ತಿಂದು ತನ್ನ ಮೈ ಬೆಳೆಸಿಕೊಳ್ಳುತ್ತದೆ; ನಮಗೇನೂ ಉಳಿಸುವುದಿಲ್ಲ.

ಫಿನ್‌ಲೆಂಡ್‌ನ ವಿಟಿಟಿ ಸಂಶೋಧನಾ ಕೇಂದ್ರದವರು ಇಲ್ಲಿಯೇ ಕೈ ಹಾಕಿದರು. ಗದ್ದೆಗೆ ನೀರು ಹಾಯಿಸುವವರು ಒಂದು ಮಡೆ ಕಟ್ಟಿ ಇನ್ನೊಂದನ್ನು ಬಿಡುವಂತೆ, ಈ ಆಮ್ಲವನ್ನು ಬೂಷ್ಟು ಅರಗಿಸಿಕೊಳ್ಳುವ ಮೊದಲ ಹಂತದ ವಂಶವಾಹಿಯನ್ನು ಅವರು ತೆಗೆದುಹಾಕಿದರು. ಬಳಿಕ ಮಣ್ಣಿನ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಸೇರಿಸಿದರು. ಅದರ ಕಿಣ್ವ ಗ್ಯಾಲಕ್ಟ್ಯುರಾನಿಕ್ ಆಮ್ಲವನ್ನು ಗ್ಯಾಲಕ್ಟಾರಿಕ್ ಆಮ್ಲವಾಗಿ ಬದಲಿಸುತ್ತದೆ. ಈಗ ಪೆಟ್ರೋಲಿಯಂನಿಂದ ಬರುವ ನೈಲಾನ್ ಮತ್ತು ಕೆಲವು ಪ್ಲಾಸ್ಟಿಕ್‌ಗಳ ಕಚ್ಚಾವಸ್ತುವನ್ನು ಮುಂದೆ ಇದರಿಂದ ತಯಾರಿಸಲು ಸಾಧ್ಯವಿದೆ. ಈ ಕೆಲಸ ಪ್ರಕಟವಾದದ್ದು 2010ರಲ್ಲಿ. 2014ರಲ್ಲಿ, ತಿದ್ದಿದ ಇನ್ನೊಂದು ತಳಿ ಕಿತ್ತಳೆ ಸಿಪ್ಪೆಯನ್ನು ಒಡೆಯುವುದನ್ನೂ ಅದರಿಂದ ಬೇರೊಂದು ಆಮ್ಲ ಮಾಡುವುದನ್ನೂ ಒಂದೇ ಪಾತ್ರೆಯಲ್ಲಿ ಮುಗಿಸಿತು.

ಆದರೆ ಜೀವಿ ಯಂತ್ರವಲ್ಲ. ಕರಿ ಬೂಷ್ಟು ತಾನು ಮಾಡಿದ ಗ್ಯಾಲಕ್ಟಾರಿಕ್ ಆಮ್ಲವನ್ನೂ ತಿನ್ನತೊಡಗಿತು. ಯಾವ ವಂಶವಾಹಿಗಳು ಆ ಕೆಲಸ ಮಾಡುತ್ತಿವೆ ಎಂದು ಹುಡುಕಿ ಅವನ್ನೂ ಸುಮ್ಮನಾಗಿಸಬೇಕಾಯಿತು. ಅದರ ವರದಿ ಬಂದದ್ದು 2016ರಲ್ಲಿ. ಒಂದು ತಿದ್ದುಪಡಿ ಇನ್ನೊಂದನ್ನು ಕೇಳುತ್ತದೆ, ಪ್ರತಿಯೊಂದಕ್ಕೂ ವರ್ಷಗಳು ಹಿಡಿಯುತ್ತವೆ.

ಸುರಕ್ಷತೆಯ ಪ್ರಶ್ನೆ ಸಹಜ. ಇಂಥ ಬೂಷ್ಟನ್ನು ಹೊಲಕ್ಕೆ ಬಿಡುವುದಿಲ್ಲ. ಮುಚ್ಚಿದ ತೊಟ್ಟಿಯಲ್ಲಿ ಬೆಳೆಸಿ, ಕೆಲಸ ಮುಗಿದ ಮೇಲೆ ಕಾಯಿಸಿ ಕೊಲ್ಲುತ್ತಾರೆ. ಭಾರತದಲ್ಲಿ ಇದಕ್ಕೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ರೂಪಿಸಿದ ನಿಯಮಗಳಿವೆ. ಸಂಸ್ಥೆಯೊಳಗಿನ ಸಮಿತಿಯಿಂದ ಕೇಂದ್ರದ ಸಮಿತಿಗಳವರೆಗೆ ಹಂತ ಹಂತದ ಪರಿಶೀಲನೆ ಇದೆ. ಕರಿ ಬೂಷ್ಟಿನ ಕೆಲವು ತಳಿಗಳು ವಿಷವಸ್ತುಗಳನ್ನೂ ಮಾಡಬಲ್ಲವು. ಆದ್ದರಿಂದ ತಳಿಯನ್ನು ತಿದ್ದಿರಲಿ, ತಿದ್ದದಿರಲಿ, ಪರೀಕ್ಷೆ ಬೇಕೇ ಬೇಕು.

ನಿಜವಾದ ತೊಡಕು ಇರುವುದು ಸಿಪ್ಪೆಯಲ್ಲಿ. ಹಸಿ ಸಿಪ್ಪೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ನೀರು. ಅದನ್ನು ಲಾರಿಯಲ್ಲಿ ಸಾಗಿಸುವುದೆಂದರೆ ಬಾಡಿಗೆ ಕೊಟ್ಟು ನೀರು ಹೊತ್ತಂತೆ. ತೋಪಿನಿಂದ ತೊಟ್ಟಿ ತಲುಪುವಷ್ಟರಲ್ಲಿ ಸುತ್ತಲಿನ, ಗಾಳಿಯ ಸೂಕ್ಷ್ಮಜೀವಿಗಳು ಅದರ ಸಕ್ಕರೆಯನ್ನು ತಿನ್ನತೊಡಗಿರುತ್ತವೆ. ಮಾವಿನ ಸುಗ್ಗಿ ಎರಡು ಮೂರು ತಿಂಗಳು, ಅದರ ಬೆನ್ನಿಗೇ ಮಳೆಗಾಲ. ಬಿಸಿಲಿನಲ್ಲಿ ಒಣಗಿಸುವ ಮಾತು ಆಮೇಲೆ ಇಲ್ಲ. ವರ್ಷದಲ್ಲಿ ಮೂರು ತಿಂಗಳು ಮಾತ್ರ ನಡೆಯುವ ಕಾರ್ಖಾನೆಗೆ ಹಣ ಹಾಕುವವರು ಕಡಿಮೆ.

ಇದಕ್ಕೆ ಈ ಸೀಮೆಯಲ್ಲೇ ಒಂದು ದಾರಿ ಕಾಣುತ್ತದೆ. ಹಳಿಯಾಳದಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬು ನುರಿಸುವ ಹಂಗಾಮು ಚಳಿಗಾಲದ್ದು, ಮಾವಿನದು ಬೇಸಿಗೆಯದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯೂ ಕರಿ ಬೂಷ್ಟಿಗೆ ಒಗ್ಗುವ ಆಹಾರ, ಮೇಲಾಗಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಅದೇ ತೊಟ್ಟಿಗೆ ಬೇಸಿಗೆಯಲ್ಲಿ ಸಿಪ್ಪೆ, ಉಳಿದ ಕಾಲದಲ್ಲಿ ಕಾಕಂಬಿ ಹಾಕುವ ಏರ್ಪಾಡು ವರ್ಷವಿಡೀ ಕೆಲಸ ಕೊಡಬಲ್ಲದು. ಆಹಾರಕ್ಕೆ ತಕ್ಕಂತೆ ತಳಿಯೂ ತಯಾರಾಗುವ ವಸ್ತುವೂ ಬದಲಾಗಬಹುದು. ಸಿಪ್ಪೆಯನ್ನು ಮಾತ್ರ ತೋಪಿನ ಹತ್ತಿರದಲ್ಲೇ ಹಿಂಡಿ, ಒಣಗಿಸಿ ಕಳಿಸಬೇಕು.

ಇನ್ನೊಂದು ಲೆಕ್ಕವೂ ಇದೆ. ಊರಿನಲ್ಲಿ ಸಿಪ್ಪೆ ಪೂರ್ತಿ ಕಸವೇನಲ್ಲ. ದನ ತಿನ್ನುತ್ತದೆ, ಗೊಬ್ಬರದ ಗುಂಡಿಗೆ ಹೋಗುತ್ತದೆ, ಗೋಬರ್ ಗ್ಯಾಸ್‌ಗೂ ಆಗುತ್ತದೆ. ರಾಸಾಯನಿಕದ ಕಾರ್ಖಾನೆ ಇವೆಲ್ಲಕ್ಕಿಂತ ಹೆಚ್ಚಿನ ಬೆಲೆ ರೈತನಿಗೆ ಕೊಟ್ಟರೆ ಮಾತ್ರ ಅದನ್ನು ಲಾಭವೆನ್ನಬಹುದು.

ಹೀಗಾಗಿ ಈ ತಂತ್ರಜ್ಞಾನಕ್ಕೆ ಹೆದರಬೇಕಾದ ಕಾರಣ ನನಗೆ ಕಾಣುವುದಿಲ್ಲ, ಅವಸರಕ್ಕೂ ಕಾರಣವಿಲ್ಲ. ತಳಿ ತಿದ್ದುವ ಕೆಲಸವನ್ನು ಮೈಸೂರು, ಬೆಂಗಳೂರಿನ ಪ್ರಯೋಗಾಲಯಗಳು ಮಾಡಲಿ. ತಾಲ್ಲೂಕು ಮಟ್ಟದಲ್ಲಿ ಸರ್ಕಾರ ಮೊದಲು ಹಣ ಹಾಕಬೇಕಾದದ್ದು ಸಿಪ್ಪೆ ಹಿಂಡುವ, ಒಣಗಿಸುವ ಸಣ್ಣ ಘಟಕಗಳಿಗೆ. ಅವನ್ನು ರೈತರ ಸಹಕಾರ ಸಂಘಗಳೇ ನಡೆಸಿದರೆ ಒಣ ಸಿಪ್ಪೆಗೆ ಪಶು ಆಹಾರದ ಮಾರುಕಟ್ಟೆ ಇಂದೇ ಸಿಗಬಹುದು. ನಾಳೆ ಬೂಷ್ಟಿನ ತೊಟ್ಟಿ ಬಂದಾಗ ಬೆಲೆ ಹೇಳುವ ಅಧಿಕಾರವೂ ಬೆಳೆದವರ ಕೈಯಲ್ಲಿ ಉಳಿಯುತ್ತದೆ.